ನೀರು ಹೊಯ್ದಷ್ಟೂ ಒಣಗಿದ ಜರೀಗಿಡಗಳು: ಕಾಸರಗೋಡಿನ ಒಂದು ಹಿತ್ತಿಲ ಪ್ರಕರಣ

“ಮಾಷ್ಟ್ರೇ, ದಿನಕ್ಕೆ ಎರಡು ಸಲ ನೀರು ಹಾಕ್ತಾ ಇದ್ದೇನೆ. ಆದ್ರೂ ಎಲ್ಲ ಒಣಗ್ತಾ ಉಂಟು. ಒಮ್ಮೆ ಬಂದು ನೋಡ್ತೀರಾ?”

ಎರಡು ವರ್ಷದ ಹಿಂದೆ, ಜನವರಿ ಕೊನೆಯಲ್ಲಿ ಬಂದ ಫೋನು ಇದು. ನಾನು ಕನ್ನಡ ಮಾಧ್ಯಮದ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತನಾದವನು. ಗಿಡಗಳ ವಿಷಯದಲ್ಲಿ ಊರವರು ಕರೆದರೆ ಹೋಗುತ್ತೇನೆ. ಹಾಗೆ ಹೋದ ಮನೆಗಳಲ್ಲಿ ನನಗೆ ತುಂಬ ಕಲಿಸಿದ್ದು ಈ ಮನೆ. ಜರೀಗಿಡದ, ಅಂದರೆ ಫರ್ನ್‌ನ, ಪಾಠ ಎಷ್ಟೋ ವರ್ಷ ಮಾಡಿದ್ದೆ. ಆದರೆ ಒಂದು ಜರಿ ನೀರು ಕುಡಿಯುವುದು ಹೇಗೆ ಅಂತ ಬರೆಯ, ಅಂದರೆ ಗುಡ್ಡ ಕಡಿದ ಗೋಡೆಯ, ಮುಂದೆ ಕೂತು ನೋಡಿದ್ದು ಇಲ್ಲಿಯೇ. ನರ್ಸರಿಯಿಂದ ಫರ್ನ್ ತಂದು ಒಂದೇ ಬೇಸಗೆಯಲ್ಲಿ ಕಳೆದುಕೊಂಡವರು ತುಂಬ ಜನ ಇದ್ದಾರೆ. ಅವರಿಗೆ ಉಪಯೋಗವಾಗಲಿ ಅಂತ ನಡೆದದ್ದನ್ನು ಪೂರ್ತಿ ಬರೆಯುತ್ತಿದ್ದೇನೆ. ಮನೆಯವರ ಒಪ್ಪಿಗೆ ಇದೆ. ಹೆಸರು, ಊರು ಹೇಳುವುದಿಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಮನೆಯೊಡತಿಯನ್ನು ಅಕ್ಕ ಅಂತ ಕರೆಯುತ್ತೇನೆ.

ಹಿನ್ನೆಲೆ

ಮನೆ ಇರುವುದು ಮಂಜೇಶ್ವರ ತಾಲೂಕಿನಲ್ಲಿ, ಕರ್ನಾಟಕದ ಗಡಿಯ ಕಡೆಗೆ, ಗುಡ್ಡದ ಇಳಿಜಾರಿನಲ್ಲಿ. ಕೆಳಗೆ ಅಡಿಕೆ ತೋಟ. ಮನೆಯ ಹಿಂದೆ ಮುರಕಲ್ಲಿನ (ಜಂಬಿಟ್ಟಿಗೆಯ) ಎತ್ತರದ ಬರೆ. ಆ ಬರೆಯಲ್ಲಿ ಒಂದು ಸುರಂಗ. ಬೇರೆ ಊರಿನವರಿಗೆ ಹೇಳಬೇಕು: ನಮ್ಮ ಕಡೆ ಸುರಂಗ ಅಂದರೆ ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ ದಾರಿ. ಒಬ್ಬ ಮನುಷ್ಯ ಪಿಕ್ಕಾಸು ಹಿಡಿದು ಒಳಗೆ ಹೋಗುವಷ್ಟೇ ಅಗಲ. ಮುರಕಲ್ಲಿನ ಸಂದಿಗಳಿಂದ ಒಸರುವ ನೀರು ತೆಳ್ಳಗೆ ಹರಿದು ಹೊರಗೆ ಬರುತ್ತದೆ. ಹಿಂದೆ ಅದನ್ನು ಅಡಿಕೆ ಮರದ ದಂಬೆಯಲ್ಲಿ ಅಂಗಳಕ್ಕೆ ತರುತ್ತಿದ್ದರು, ಈಗ ಪೈಪು. ಬಾಯಿಯ ಮುಂದಿನ ಸಣ್ಣ ಟಾಂಕಿಯಲ್ಲಿ ನಿಂತ ನೀರೇ ಅಡುಗೆಗೂ ದನದ ಹಟ್ಟಿಗೂ.

ಆ ಬಾಯಿಯ ಸುತ್ತ ಜರೀಗಿಡಗಳು. ಅಕ್ಕನ ಅತ್ತೆ ಮದುವೆಯಾಗಿ ಬಂದಾಗಲೇ ಅವು ಅಲ್ಲಿ ಇದ್ದವಂತೆ. ಒಟ್ಟು ನಾಲ್ಕು ಬಗೆ. ನೀರು ತೊಟ್ಟಿಕ್ಕುವ ಕಡೆ, ವರ್ಷವಿಡೀ ಹಸುರಾಗಿರುವ ಸಣ್ಣ ಎಲೆಯ ಜರಿ. ತೊಟ್ಟು ಕರಿ ತಂತಿಯ ಹಾಗೆ, ಎಲೆ ಗಾಳಿಗೆ ನಡುಗುವಷ್ಟು ತೆಳು. ಮೆಟ್ಟಿಲಿನ ಬದಿಯ ಒಣ ಬರೆಯಲ್ಲಿ, ಅರ್ಧಚಂದ್ರದಂಥ ಎಲೆಗಳ ಇನ್ನೊಂದು ಜರಿ. ಇವೆರಡೂ ಅಡಿಯಾಂಟಮ್ ಬಳಗದವು. ಅಂಗಳದ ಮೂಲೆಯಲ್ಲಿ ಉದ್ದ ಗರಿಯ ನೆಫ್ರೊಲೆಪಿಸ್. ಇದನ್ನು ನೀವೆಲ್ಲ ಚಟ್ಟಿಗಳಲ್ಲಿ ನೋಡಿಯೇ ಇರುತ್ತೀರಿ. ಮತ್ತೆ ಹಳೆ ಹಲಸಿನ ಮರದ ಕವಲಿನಲ್ಲಿ ಕೂತ ದೊಡ್ಡ ಡ್ರೈನೇರಿಯಾ. ಕಂದು ಎಲೆಗಳ ಗೂಡು ಮಾಡಿಕೊಂಡು ಮರದ ಮೇಲೆ ಬೆಳೆಯುವಂಥದ್ದು.

ಆ ವರ್ಷದ ಏಪ್ರಿಲ್‌ನಲ್ಲಿ ಮಗಳ ಮದುವೆ. ಚಪ್ಪರಕ್ಕೆ ಜಾಗ ಸಾಲದು ಅಂತ ಬರೆಯನ್ನು ಜೆಸಿಬಿಯಲ್ಲಿ ಹಿಂದಕ್ಕೆ ಕಡಿಯುವುದೆಂದು ತೀರ್ಮಾನ ಆಯಿತು. ಸುರಂಗದ ಬಾಯಿ ಮುಟ್ಟುವುದಿಲ್ಲ, ಎರಡೂ ಬದಿ ಕಡಿಯುತ್ತಾರೆ. ಹಲಸಿನ ಮರದ ಒಂದು ಕವಲೂ ಹೋಗಬೇಕು. ಅತ್ತೆಗೆ ಬೇಸರ. “ಗಿಡ ತೆಗೆದು ಬೇರೆ ಕಡೆ ನೆಡು ಮಗಾ” ಅಂದರಂತೆ. ಅಕ್ಕ ಜನವರಿ ಮೊದಲ ವಾರದಲ್ಲಿ ಕೆಲಸ ಶುರು ಮಾಡಿದರು.

ಅಕ್ಕ ಮಾಡಿದ್ದು

ಅವರು ಅಸಡ್ಡೆಯಿಂದ ಏನನ್ನೂ ಮಾಡಲಿಲ್ಲ. ಇದನ್ನು ಒತ್ತಿ ಹೇಳಬೇಕು. ಬಾಳೆಕಂದು, ಮಲ್ಲಿಗೆ, ಕರಿಮೆಣಸಿನ ಬಳ್ಳಿ ಎಲ್ಲ ಅವರ ಕೈಯಲ್ಲಿ ಚೆನ್ನಾಗಿ ಬರುತ್ತದೆ. ಆ ಗಿಡಗಳಿಗೆ ಮಾಡುವುದನ್ನೇ ಇವಕ್ಕೂ ಮಾಡಿದರು. ಪಿಕ್ಕಾಸಿನ ತುದಿಯಿಂದ ಬರೆಯನ್ನು ಕೆದಕಿ ಬುಡ ಸಮೇತ ಕಿತ್ತರು. ಬೇರಿಗೆ ಅಂಟಿದ ಪಾಚಿ, ಕಲ್ಲಿನ ಚೂರು ಎಲ್ಲ ತೊಳೆದು ತೆಗೆದರು. ಗ್ರೋ ಬ್ಯಾಗಿಗೆ ಕೆಂಪು ಮಣ್ಣು, ಹಟ್ಟಿಗೊಬ್ಬರ ತುಂಬಿಸಿದರು. ಅಲುಗಾಡದ ಹಾಗೆ ಬುಡವನ್ನು ಎರಡು ಇಂಚು ಆಳಕ್ಕೆ ಹೂತು ಗಟ್ಟಿಯಾಗಿ ಒತ್ತಿದರು. ಸಣ್ಣ ಎಲೆಯದ್ದು 22 ಬುಡ, ಅರ್ಧಚಂದ್ರದ್ದು 15, ನೆಫ್ರೊಲೆಪಿಸ್ 6. ಡ್ರೈನೇರಿಯಾವನ್ನು ಮಾತ್ರ ಕೆಲಸದವರೊಬ್ಬರು ಕವಲಿನಿಂದ ಬಿಡಿಸಿ, ಗೂಡಿನ ಸಮೇತ ತೆಂಗಿನ ಮರಕ್ಕೆ ಹಗ್ಗದಲ್ಲಿ ಕಟ್ಟಿದರು. ಅದನ್ನು ಎಲ್ಲಿ ಇಡುವುದು ಅಂತ ಯಾರಿಗೂ ಗೊತ್ತಿರಲಿಲ್ಲ, ಅಷ್ಟೆ.

ಬ್ಯಾಗುಗಳನ್ನು ಸಿಟೌಟಿನ ಮುಂದೆ ಸಾಲಾಗಿ ಇಟ್ಟು, ಬೆಳಿಗ್ಗೆ ಸಂಜೆ ನೀರು. ಹತ್ತು ದಿನದಲ್ಲಿ ಸಣ್ಣ ಎಲೆಗಳ ಅಂಚು ಕಂದಾಯಿತು. ನೀರು ಸಾಲದು ಅಂತ ಇನ್ನಷ್ಟು ಹಾಕಿದರು. ಅರ್ಧಚಂದ್ರದ ಎಲೆಗಳು ಹಳದಿಯಾಗಿ ಉದುರತೊಡಗಿದವು. ಯಾರೋ ಹೇಳಿದರು ಅಂತ ಒಂದೊಂದು ಚಿಟಿಕೆ ಯೂರಿಯಾ. ಆಮೇಲೆ ನನಗೆ ಫೋನು.

ಮೊದಲ ಭೇಟಿ, ನನ್ನ ತಪ್ಪು

ಹೋಗಿ ನೋಡಿದಾಗ ಬ್ಯಾಗಿನ ಮೇಲ್ಮಣ್ಣು ಕೆಸರಿನಂತಿತ್ತು. ಒಂದನ್ನು ಬೋರಲು ಹಾಕಿ ಬಿಡಿಸಿದೆ. “ನೋಡಿ, ಬೇರೆಲ್ಲ ಕಪ್ಪಾಗಿದೆ” ಅಂದರು ಅಕ್ಕ. ಇಲ್ಲಿ ಒಂದು ಮಾತು ನೆನಪಿಡಿ. ಜರೀಗಿಡದ ಬೇರು ಹೆಚ್ಚಾಗಿ ಕಪ್ಪು ಅಥವಾ ಕಡು ಕಂದು ಬಣ್ಣದ್ದೇ. ಕಪ್ಪಾದ ಮಾತ್ರಕ್ಕೆ ಕೊಳೆತಿದೆ ಅಂತ ಅಲ್ಲ. ಎರಡು ಬೆರಳ ನಡುವೆ ಹಿಡಿದು ಒತ್ತಿ ನೋಡಬೇಕು. ಜೀವ ಇದ್ದರೆ ಸಣ್ಣ ತಂತಿಯ ಹಾಗೆ ಗಟ್ಟಿ ಇರುತ್ತದೆ, ತುದಿ ಬಿಳಿಚಿಕೊಂಡಿರುತ್ತದೆ. ಕೊಳೆತಿದ್ದರೆ ಸಿಪ್ಪೆ ಜಾರಿ ಕೈಗೆ ಬರುತ್ತದೆ. ಇಲ್ಲಿ ಎರಡೂ ಇತ್ತು. ಮೇಲ್ಭಾಗದ ಬೇರುಗಳು ಗಟ್ಟಿ, ಕೆಳಗಿನವು ಲೊಳೆ. ಎಲೆಗಳು ಹುಟ್ಟುವ ಬುಡ ಮಾತ್ರ ಮಣ್ಣಿನೊಳಗೆ ಮೆತ್ತಗಾಗಿತ್ತು.

ಜರಿಯ ಕಾಂಡ ನಮಗೆ ಕಾಣುವ ಕರಿ ತೊಟ್ಟಲ್ಲ. ಅದು ಎಲೆಯ ತೊಟ್ಟು. ನಿಜವಾದ ಕಾಂಡ ಮಣ್ಣಿನ ಮಟ್ಟದಲ್ಲಿ ಅಡ್ಡ ಮಲಗಿರುತ್ತದೆ. ಇದರಲ್ಲಿ ಅದು ಸಣ್ಣ ಶುಂಠಿ ಚೂರಿನಷ್ಟು, ಮೇಲೆ ಕಂದು ಹೊಟ್ಟು. ಎಲೆ ಹುಟ್ಟುವುದು ಅದರಿಂದ, ಬೇರು ಹುಟ್ಟುವುದೂ ಅದರಿಂದಲೇ. ಮಾವಿನ ಗಿಡದ ಹಾಗೆ ಆಳಕ್ಕಿಳಿಯುವ ತಾಯಿಬೇರು ಇದಕ್ಕಿಲ್ಲ. ಮರಿಗಿಡದ ಮೊದಲ ಬೇರು ಬೇಗ ಹೋಗುತ್ತದೆ. ಆಮೇಲೆ ಕಾಂಡದ ಉದ್ದಕ್ಕೂ ಬರುವ ನೂಲಿನಂಥ ಬೇರುಗಳದ್ದೇ ಕೆಲಸ. ಅವು ದಪ್ಪವಾಗುವುದೂ ಇಲ್ಲ. ಮೇಲಿನ ಒಂದೆರಡು ಇಂಚಿನಲ್ಲೇ ಹರಡಿಕೊಳ್ಳುತ್ತವೆ. ಬಾಳೆಕಂದಿನ ಹಾಗೆ ಆಳಕ್ಕೆ ಹೂತರೆ ಹೊಸ ಎಲೆಯ ಮೊಗ್ಗೇ ಕೊಳೆಯುತ್ತದೆ. ಇಷ್ಟು ನನಗೆ ಗೊತ್ತಿತ್ತು, ಹೇಳಿದೆ. ಅಕ್ಕ ಆ ದಿನವೇ ಎಲ್ಲ ಬುಡಗಳನ್ನು ಮೇಲಕ್ಕೆ ಎತ್ತಿ ನೆಟ್ಟರು.

ಆದರೆ ಜೊತೆಗೆ ಎರಡು ಸಲಹೆ ಕೊಟ್ಟೆ. ಎಲೆಗಳಿಗೆ ಸ್ಪ್ರೇ ಮಾಡಿ, ಮತ್ತೆ ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಿ ತೇವ ಉಳಿಸಿ. ಎರಡನೆಯದು ತತ್ವಕ್ಕೆ ಸರಿ. ಆದರೆ ಮಧ್ಯಾಹ್ನದ ಮೇಲೆ ಆ ಸಿಟೌಟಿಗೆ ಬಿಸಿಲು ನೇರವಾಗಿ ಬೀಳುತ್ತದೆ. ನಾನು ಹೋದದ್ದು ಬೆಳಿಗ್ಗೆ, ಕೇಳಲೂ ಇಲ್ಲ. ಮೂರೇ ದಿನದಲ್ಲಿ ಪ್ಲಾಸ್ಟಿಕ್ಕಿನೊಳಗೆ ಗಿಡಗಳು ಬೆಂದು ಹೋದವು. ಏಳೆಂಟು ಗಿಡ ಹೋದದ್ದು ನನ್ನ ಸಲಹೆಯಿಂದಲೇ. ಗಿಡ ಇಟ್ಟ ಜಾಗದಲ್ಲಿ ದಿನವಿಡೀ ಬಿಸಿಲು ಹೇಗೆ ತಿರುಗುತ್ತದೆ ಅಂತ ಕೇಳದೆ ಈಗ ನಾನು ಯಾರಿಗೂ ಏನೂ ಹೇಳುವುದಿಲ್ಲ.

ಸ್ಪ್ರೇಯ ವಿಷಯ ಅಕ್ಕನೇ ಕಂಡುಹಿಡಿದರು. “ಮಾಷ್ಟ್ರೇ, ಇದರ ಎಲೆ ಒದ್ದೆಯೇ ಆಗುದಿಲ್ಲ. ಕೆಸುವಿನ ಎಲೆಯ ಹಾಗೆ.” ಹೌದು. ಹನಿಗಳು ಮುತ್ತಿನ ಹಾಗೆ ಉರುಳಿ ಬೀಳುತ್ತಿದ್ದವು. ಅಡಿಯಾಂಟಮ್ ಅನ್ನುವ ಹೆಸರು ಬಂದದ್ದೇ ಒದ್ದೆಯಾಗದ್ದು ಅನ್ನುವ ಅರ್ಥದ ಗ್ರೀಕ್ ಮಾತಿನಿಂದ. ಹೆಸರು ನನಗೆ ಬಾಯಿಪಾಠ ಬರುತ್ತಿತ್ತು. ಅದರ ಎಲೆಗೆ ಸ್ಪ್ರೇ ಮಾಡಿದರೆ ನೀರು ಒಳಗೆ ಹೋಗುವುದಿಲ್ಲ ಅಂತ ಮಾತ್ರ ಹೊಳೆದಿರಲಿಲ್ಲ.

ಜರಿಗಳಲ್ಲಿ ಎಲೆಯಿಂದಲೇ ನೀರು ಹೀರುವವೂ ಇವೆ. ಘಟ್ಟದ ಕಾಡಿನ ಹೊಳೆಬದಿಯಲ್ಲಿ ಬೆಳೆಯುವ ಒಂದು ಬಗೆಯ ಜರಿಯ ಎಲೆ ಒಂದೇ ಕೋಶದಷ್ಟು ತೆಳು. ಅದಕ್ಕೆ ಎಲೆಯೇ ಬಾಯಿ. ಅಕ್ಕನ ಹಟ್ಟಿಯ ಹಿಂದೆ ದನಕ್ಕೆಂದು ಬೆಳೆಸುವ ಅಜೋಲ್ಲಾ ಇದೆಯಲ್ಲ, ಅದೂ ಜರಿಯೇ. ಬೇರು ನೀರಿನಲ್ಲೇ ತೇಲುತ್ತದೆ. ಕೇರಳದಲ್ಲಿ ಆಫ್ರಿಕನ್ ಪಾಯಲ್ ಅಂತ ಕರೆಯುವ ಸಾಲ್ವಿನಿಯಾ ಇನ್ನೂ ವಿಚಿತ್ರ. ಅದಕ್ಕೆ ಬೇರೇ ಇಲ್ಲ. ನೀರಿನೊಳಗೆ ಬೇರಿನ ಹಾಗೆ ಇಳಿಬಿದ್ದಿರುವುದು ರೂಪ ಬದಲಿಸಿಕೊಂಡ ಒಂದು ಎಲೆ. ಜರಿಗೆ ಹೀಗೆ ನೀರು ಹಾಕಬೇಕು ಅಂತ ಎಲ್ಲದಕ್ಕೂ ಒಂದೇ ಮಾತು ಹೇಳಲು ಬರುವುದಿಲ್ಲ.

ಸುರಂಗದ ಬಾಯಿಯಲ್ಲಿ

ಫೆಬ್ರವರಿಯಲ್ಲಿ ಸುರಂಗದೊಳಗೆ ಕುಸಿದ ಮಣ್ಣು ತೆಗೆಯಲು ಒಬ್ಬರು ಹಿರಿಯರು ಬಂದಿದ್ದರು. ವಯಸ್ಸಿನಲ್ಲಿ ಎಷ್ಟೋ ಸುರಂಗ ಕೊರೆದವರು. ನಮ್ಮ ಗ್ರೋ ಬ್ಯಾಗುಗಳನ್ನು ನೋಡಿ ತುಳುವಿನಲ್ಲಿ ಒಂದು ಮಾತು ಹೇಳಿದರು. ಕನ್ನಡದಲ್ಲಿ ಹೀಗೆ: “ಬೇಸಗೆಯಲ್ಲೂ ಈ ಗಿಡ ಹಸುರು ಇದ್ದರೆ ಅಲ್ಲಿ ಹಿಂದೆ ಒಸರು ಉಂಟು ಅಂತ ಲೆಕ್ಕ. ಇದಕ್ಕೆ ನೀರು ಬರುವುದು ಹಿಂದಿನಿಂದ. ನೀವು ಮೇಲಿನಿಂದ ಹೊಯ್ತೀರಿ.”

ಅಲ್ಲಿಂದ ನಾವು ನೋಡುವ ರೀತಿ ಬದಲಾಯಿತು. ಅವರ ಜೊತೆ ಬಾಯಿಯ ಒಳಗೋಡೆಯ ಹತ್ತಿರ ಕೂತೆ. ಜೆಸಿಬಿ ಮುಟ್ಟದ ಕಡೆ ಇನ್ನೂ ಸಾಕಷ್ಟು ಗಿಡ ಇದ್ದವು. ಒಂದರ ಬುಡದ ಪಾಚಿಯನ್ನು ಉಗುರಿನಲ್ಲಿ ಮೆಲ್ಲ ಎತ್ತಿದೆ. ಮಣ್ಣು ಅಂತ ಏನೂ ಇರಲಿಲ್ಲ. ಪಾಚಿ, ಅದರ ಹಿಂದೆ ಕರಿ ಬೇರುಗಳ ಒಂದು ತೆಳು ಬಲೆ, ಅದರ ಹಿಂದೆ ಮುರಕಲ್ಲು. ಎಲ್ಲ ಸೇರಿ ಅರ್ಧ ಇಂಚು ದಪ್ಪ. ಬೇರುಗಳು ಕಲ್ಲಿನ ತೂತುಗಳೊಳಗೆ ಹೊಕ್ಕಿದ್ದವು. ಕಲ್ಲಿನ ಮೈ ಮೇಲೆ ನೀರು ಹರಿಯುತ್ತಿರಲಿಲ್ಲ, ಬರೀ ಹೊಳೆಯುತ್ತಿತ್ತು. ಅಂದರೆ ಬೇರಿಗೆ ಒಂದು ಕಡೆ ತೆಳುವಾದ ನೀರಿನ ಪೊರೆ, ಇನ್ನೊಂದು ಕಡೆ ಗಾಳಿ. ಎರಡೂ ಹಗಲು ರಾತ್ರಿ.

ಬೇರಿಗೂ ಉಸಿರಾಡಬೇಕು ಅನ್ನುವುದನ್ನು ನಾವು ಮರೆಯುತ್ತೇವೆ. ಬೇರಿನ ತುದಿಯಿಂದ ಸ್ವಲ್ಪ ಹಿಂದೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿರುತ್ತವೆ. ನೀರು ಒಳಗೆ ಹೋಗುವುದು ಹೆಚ್ಚಾಗಿ ಅವುಗಳ ಮೂಲಕ. ಗಾಳಿ ಇಲ್ಲದ ಕೆಸರಿನಲ್ಲಿ ತುದಿ ಸಾಯುತ್ತದೆ, ರೋಮಗಳೂ ಸಾಯುತ್ತವೆ. ಆಗ ಸುತ್ತ ನೀರು ತುಂಬಿದ್ದರೂ ಗಿಡಕ್ಕೆ ಕುಡಿಯಲು ಆಗುವುದಿಲ್ಲ, ಎಲೆ ಬಾಡುತ್ತದೆ. ಬಾಡಿದ್ದು ನೋಡಿ ನಾವು ಇನ್ನಷ್ಟು ಹೊಯ್ಯುತ್ತೇವೆ. ಅಕ್ಕನ ಬ್ಯಾಗುಗಳಲ್ಲಿ ನಡೆದದ್ದು ಇದೇ. ತೊಳೆದು ತೆಗೆದ ಪಾಚಿ ಮತ್ತು ಕಲ್ಲಿನ ಚೂರುಗಳ ಜೊತೆ ಬೇರಿನ ರೋಮಗಳೂ ಹೋಗಿದ್ದವು. ಯೂರಿಯಾ ಬೇರಿನ ಸುತ್ತಲಿನ ನೀರನ್ನು ಗಾಢ ಮಾಡಿತು. ಉಪ್ಪು ಹಾಕಿದ ಮಾವಿನಮಿಡಿ ನೀರು ಬಿಟ್ಟುಕೊಳ್ಳುವ ಹಾಗೆ, ಉಳಿದ ಬೇರುಗಳೂ ಇದ್ದ ನೀರನ್ನು ಕಳೆದುಕೊಂಡವು.

ಇನ್ನು ಎಲೆಯ ಕಡೆ. ಒಂದು ಎಲೆಯನ್ನು ಸುರಂಗದ ಬಾಯಿಯ ಬೆಳಕಿಗೆ ಹಿಡಿದು ಅಕ್ಕನಿಗೆ ತೋರಿಸಿದೆ. ನಡುವೆ ದಪ್ಪ ನರ ಇಲ್ಲ. ತೊಟ್ಟಿನಿಂದ ಹೊರಟ ನರ ಎರಡಾಗಿ ಕವಲೊಡೆಯುತ್ತದೆ, ಅದು ಮತ್ತೆ ಎರಡಾಗುತ್ತದೆ, ಬೀಸಣಿಗೆಯ ಕಡ್ಡಿಗಳ ಹಾಗೆ ಅಂಚಿನವರೆಗೆ ಹೋಗಿ ನಿಲ್ಲುತ್ತದೆ. ಒಂದು ನರ ಇನ್ನೊಂದನ್ನು ಕೂಡುವುದಿಲ್ಲ. ಹಲಸಿನ ಎಲೆಯಲ್ಲಾದರೆ ನರಗಳ ಬಲೆ ಇರುತ್ತದೆ. ಒಂದು ದಾರಿ ಕಡಿದರೆ ನೀರು ಸುತ್ತು ಹಾಕಿ ಬರುತ್ತದೆ. ಇಲ್ಲಿ ಬದಲಿ ದಾರಿ ಇಲ್ಲ. ಹಾಗಾಗಿ ನೀರು ಕಮ್ಮಿ ಆದ ಕೂಡಲೇ ಒಣಗುವುದು ಅಂಚು.

ಎಲೆಯಿಂದ ನೀರು ಆವಿಯಾಗಿ ಹೋಗುವಾಗ ಕೆಳಗಿನ ನೀರಿನ ಎಳೆಯನ್ನು ಮೇಲಕ್ಕೆ ಎಳೆಯುತ್ತದೆ. ಬೇರಿನಿಂದ ಎಲೆಯವರೆಗೆ ಕೂದಲಿಗಿಂತ ಸಪೂರದ ನಾಳಗಳಲ್ಲಿ ಆ ಎಳೆ ಕಡಿಯದೆ ಇರಬೇಕು. ಎಳೆತ ಜಾಸ್ತಿಯಾದರೆ ಎಳೆ ಕಡಿದು ಗಾಳಿ ಸೇರುತ್ತದೆ. ಆ ನಾಳ ಆಮೇಲೆ ನೀರು ಸಾಗಿಸುವುದಿಲ್ಲ. ಮರಗಳು ವರ್ಷ ವರ್ಷ ಹೊಸ ನಾಳಗಳನ್ನು ಸೇರಿಸಿಕೊಂಡು ದಪ್ಪವಾಗುತ್ತವೆ. ಜರಿಗೆ ಸಾಮಾನ್ಯವಾಗಿ ಅದು ಸಾಧ್ಯವಿಲ್ಲ. ಒಂದು ಎಲೆ ಬಿಚ್ಚಿದಾಗ ಎಷ್ಟು ನಾಳ ಇತ್ತೋ ಅಷ್ಟೇ. ಹೀಗಾಗಿ ಪೂರ್ತಿ ಒಣಗಿದ ಎಲೆಯನ್ನು ಉಳಿಸಲು ಹೊರಡುವುದು ವ್ಯರ್ಥ. ನೋಡಬೇಕಾದ್ದು ಬುಡವನ್ನು. ಅಲ್ಲಿ ಸುರುಳಿ ಸುತ್ತಿಕೊಂಡ ಹೊಸ ಮೊಳಕೆ ಇದೆಯೇ? ಪಿಟೀಲಿನ ತಲೆಯ ಹಾಗೆ ಸುತ್ತಿಕೊಂಡ ಆ ಸುರುಳಿಯ ಒಳಗೆ ಬೆಳೆಯುವ ತುದಿ ಭದ್ರವಾಗಿ ಇರುತ್ತದೆ. ಕೋಶಗಳಲ್ಲಿ ನೀರು ತುಂಬಿ ಒತ್ತಡ ಬಂದ ಹಾಗೆ ಸುರುಳಿ ಬಿಚ್ಚುತ್ತದೆ. ನೀರು ಸಿಗದಿದ್ದರೆ ಅರ್ಧ ಬಿಚ್ಚಿ ಅಲ್ಲಿಗೇ ನಿಲ್ಲುತ್ತದೆ.

ಅಕ್ಕ ಆ ದಿನ ಒಣ ಎಲೆಗಳನ್ನೆಲ್ಲ ಕತ್ತರಿಸಿ, ಉಳಿದ ಬ್ಯಾಗುಗಳನ್ನು ಬಾವಿಕಟ್ಟೆಯ ಹಿಂದಿನ ನೆರಳಿಗೆ ಸಾಗಿಸಿದರು. ತಡವಾಗಿತ್ತು. ಮಾರ್ಚ್ ಮುಗಿಯುವಾಗ ಸಣ್ಣ ಎಲೆಯದರಲ್ಲಿ ಉಳಿದದ್ದು ಮೂರು. ನೆಫ್ರೊಲೆಪಿಸ್ ಆರಕ್ಕೆ ಆರೂ ಬದುಕಿತ್ತು. ಅದರ ಬೇರಿನ ನಡುವೆ ಗೋಲಿಯಂಥ ಗೆಡ್ಡೆಗಳಿದ್ದವು, ಅವುಗಳಲ್ಲಿ ನೀರಿನ ದಾಸ್ತಾನು. ಜೊತೆಗೆ ದಾರದಂಥ ಬಳ್ಳಿಗಳನ್ನು ಆಚೀಚೆ ಕಳಿಸಿ ಹೊಸ ಬುಡ ಮಾಡಿಕೊಳ್ಳುತ್ತದೆ. ಒಂದೇ ಮಣ್ಣು, ಒಂದೇ ನೀರು, ಒಂದೇ ತಪ್ಪು. ಒಂದು ಜರಿ ತಾಳಿಕೊಂಡಿತು, ಇನ್ನೊಂದಕ್ಕೆ ಆಗಲಿಲ್ಲ. ತೆಂಗಿನ ಮರದ ಡ್ರೈನೇರಿಯಾ ಮಾರ್ಚಿನಲ್ಲಿ ಹಸುರು ಎಲೆಗಳನ್ನೆಲ್ಲ ಉದುರಿಸಿ ಅಕ್ಕನನ್ನು ಇನ್ನೊಮ್ಮೆ ಹೆದರಿಸಿತು. ಅದು ಅದರ ವಾಡಿಕೆ. ರೋಮದಂಥ ಹೊಟ್ಟು ಹೊದ್ದ ದಪ್ಪ ಕಾಂಡ ಬೇಸಗೆ ಕಳೆಯುತ್ತದೆ. ಕಂದು ಎಲೆಗಳ ಗೂಡಿನಲ್ಲಿ ತರಗೆಲೆ ಕೊಳೆತು ಅದಕ್ಕೆ ಬೇಕಾದ ಗೊಬ್ಬರ ಅಲ್ಲೇ ಆಗುತ್ತದೆ. ಬೇರುಗಳು ಇಳಿಯುವುದೂ ಅದರೊಳಗೇ. ಆ ಕೆಲಸದವರು ಗೂಡನ್ನು ಬಿಡಿಸದೆ ಕಟ್ಟಿದ್ದೇ ಅದನ್ನು ಉಳಿಸಿತು.

ಹಟ್ಟಿಯ ಹಿಂದೆ ಚಿಗುರಿದ್ದು

ಅರ್ಧಚಂದ್ರದ ಜರಿ ಹದಿನೈದೂ ಸತ್ತವು ಅಂತ ನಾವಿಬ್ಬರೂ ನಂಬಿದ್ದೆವು. ಮದುವೆಯ ಗಡಿಬಿಡಿಯಲ್ಲಿ ಅಕ್ಕ ಆ ಬ್ಯಾಗುಗಳ ಮಣ್ಣನ್ನು ಹಟ್ಟಿಯ ಹಿಂದೆ ಸುರಿದರು. ಮದುವೆ ಆಯಿತು, ಮೇ ಕೊನೆಯ ಪತ್ತನಾಜೆ ಕಳೆಯಿತು, ಮಳೆ ಹಿಡಿಯಿತು. ಜೂನ್ ಎರಡನೇ ವಾರ ಅಕ್ಕನ ಫೋನು. ಈ ಸಲ ದನಿ ಬೇರೆ. “ಮಾಷ್ಟ್ರೇ, ಬಿಸಾಡಿದ ಮಣ್ಣಲ್ಲಿ ಸುರುಳಿ ಬಂದಿದೆ!”

ಐದು ಬುಡ ಚಿಗುರಿದ್ದವು. ಕಿರುಬೆರಳಿನ ಉಗುರಿನಷ್ಟು ಸುರುಳಿಗಳು, ಕೆಂಪು ಮಿಶ್ರಿತ ಹಸುರು.

ಈ ಪ್ರಕರಣದಲ್ಲಿ ನನ್ನನ್ನು ತುಂಬ ಕಾಡಿದ್ದು ಇದೇ. ಅಡಿಯಾಂಟಮ್ ಫಿಲಿಪೆನ್ಸ್ ಅನ್ನುವ ಈ ಜರಿ ಮಳೆಗಾಲದ್ದು. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬರುತ್ತದೆ. ಆದರೆ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಆಮೇಲೆ ಮುರಕಲ್ಲಿನ ಬರೆ ಒಣಗಿ ಕಬ್ಬಿಣದ ಹಾಗಾಗುತ್ತದೆ. ಈ ಜರಿ ಅದಕ್ಕೆ ಹೊಂದಿಕೊಂಡಿದೆ. ಮಳೆ ನಿಂತ ಮೇಲೆ ಎಲೆ ಬಿಡುತ್ತದೆ, ಕಾಂಡವನ್ನು ಕಲ್ಲಿನ ಸಂದಿಯಲ್ಲಿ ಉಳಿಸಿಕೊಂಡು ಮಲಗುತ್ತದೆ. ಜನವರಿಯಲ್ಲಿ ಅದು ಹಳದಿಯಾದದ್ದು ರೋಗದಿಂದಲ್ಲ. ಮಲಗುವ ಹೊತ್ತಾಗಿತ್ತು. ನಾವು ಬಡಿದು ಎಬ್ಬಿಸಲು ಹೋದೆವು. ಎಲೆ ಇಲ್ಲದ ಗಿಡ ನೀರು ಎಳೆಯುವುದಿಲ್ಲ, ಹಾಕಿದ ನೀರೆಲ್ಲ ಬುಡದಲ್ಲೇ ನಿಂತಿತು. ಹತ್ತು ಹಾಗೆ ಕೊಳೆತವು. ಉಳಿದ ಐದು ಬದುಕಿದ್ದು ಅಕ್ಕ ಬಿಸಾಡಿದ್ದರಿಂದ, ನೀರು ಹಾಕುವವರು ಯಾರೂ ಇಲ್ಲದ್ದರಿಂದ.

ಅತ್ತೆಯ ಹತ್ತಿರ ಮೊದಲೇ ಕೇಳಬೇಕಿತ್ತು. “ಮೆಟ್ಟಿಲಿನದ್ದು ಪ್ರತಿ ವರ್ಷ ಹೋಗಿ ಆಟಿಗಾಗುವಾಗ ದಟ್ಟ ಆಗ್ತದಲ್ವಾ” ಅಂದರು ಅವರು, ಎಲ್ಲರಿಗೂ ಗೊತ್ತಿರುವ ಸಂಗತಿ ಅನ್ನುವ ಹಾಗೆ. ಆಟಿ ಅಂದರೆ ಜುಲೈ-ಆಗಸ್ಟಿನ ತುಳು ತಿಂಗಳು. ಐವತ್ತು ಮಳೆಗಾಲ ನೋಡಿದ ಕಣ್ಣು. ನಾವು ಒಂದು ಸಲವೂ ವಿಚಾರಿಸಿರಲಿಲ್ಲ.

ಎರಡನೇ ಪ್ರಯತ್ನ

ಜೂನ್‌ನಲ್ಲೇ ಮತ್ತೆ ಶುರು ಮಾಡಿದೆವು. ಈ ಸಲ ಚಟ್ಟಿ ಬೇಡ, ಗೋಡೆ ಮಾಡುವ ಅಂತ ಅಕ್ಕನ ಯೋಚನೆ. ಜೆಸಿಬಿ ಕಡಿದಾಗ ಬಿದ್ದ ಮುರಕಲ್ಲಿನ ತುಂಡುಗಳನ್ನು ಸಿಮೆಂಟಿಲ್ಲದೆ ಸೊಂಟದೆತ್ತರಕ್ಕೆ ಜೋಡಿಸಿದರು, ಬಡಗು ಮುಖಕ್ಕೆ, ಟಾಂಕಿಯ ಪಕ್ಕದಲ್ಲೇ. ಕಲ್ಲುಗಳ ನಡುವೆ ಕೊಳೆತ ತರಗೆಲೆ, ತೆಂಗಿನ ನಾರಿನ ಹುಡಿ, ಹೆಂಚಿನ ಚೂರು. ಟಾಂಕಿ ತುಂಬಿ ಹೊರಗೆ ಹೋಗುವ ನೀರನ್ನು ಗೋಡೆಯ ಹಿಂಬದಿಗೆ ತಿರುಗಿಸಿದರು. ಮುಂದಿನಿಂದ ಒಂದು ಹನಿಯೂ ಹೊಯ್ಯುವುದಿಲ್ಲ. ನೀರು ಹಿಂದಿನಿಂದ ಕಲ್ಲಿಗೆ ಇಳಿದು ಮುಂದಕ್ಕೆ ಬರಬೇಕು, ಸುರಂಗದಲ್ಲಿ ಬರುವ ಹಾಗೆ.

ಬಾಯಿಯ ಒಳಗೋಡೆಯಿಂದ ಸಣ್ಣ ಎಲೆಯ ಜರಿ 12 ಬುಡ ಮಾತ್ರ ತೆಗೆದೆವು. ಕೆದಕಲಿಲ್ಲ. ಪಾಚಿ, ಬೇರು, ಅಂಟಿದ ಕಲ್ಲಿನ ಚೂರು, ಎಲ್ಲ ಒಂದೇ ಹಪ್ಪಳದ ಹಾಗೆ ಕತ್ತಿಯ ತುದಿಯಿಂದ ಎಬ್ಬಿಸಿ, ಒದ್ದೆ ಅಡಿಕೆ ಹಾಳೆಯಲ್ಲಿಟ್ಟು ತಂದೆವು. ಹಳೆಯ ಎಲೆಗಳಲ್ಲಿ ಅರ್ಧದಷ್ಟನ್ನು ಕತ್ತರಿಸಿದೆವು. ಬೇರು ಹೊಸ ಜಾಗಕ್ಕೆ ಹಿಡಿಯುವ ತನಕ ಎಳೆಯುವ ಬಾಯಿಗಳು ಕಮ್ಮಿ ಇರಲಿ ಅಂತ. ಕಲ್ಲಿನ ಸಂದಿಗೆ ಒತ್ತಿ, ಕಾಂಡ ಮೇಲೆ ಕಾಣುವ ಹಾಗೆ ಬಿಟ್ಟೆವು. ಬಿರುಮಳೆಯ ಹೊಡೆತ ಬೀಳದ ಹಾಗೆ ಮೇಲೆ ಎರಡು ತೆಂಗಿನ ಮಡಲು. ಮೂರು ಹೋದವು, ಒಂಬತ್ತು ಹಿಡಿದವು.

ಅರ್ಧಚಂದ್ರದ ಐದನ್ನು ಮೆಟ್ಟಿಲಿನ ಬದಿಗೇ ಹಿಂದೆ ನೆಟ್ಟರು. ಅದು ನಡೆಯುವ ಜರಿ. ಎಲೆಯ ತುದಿ ಉದ್ದಕ್ಕೆ ಬೆಳೆದು ಬಾಗಿ ನೆಲ ಮುಟ್ಟಿದರೆ ಅಲ್ಲೇ ಬೇರು ಬಿಟ್ಟು ಮರಿಗಿಡ ಆಗುತ್ತದೆ. ಗೊತ್ತಾದ ಮೇಲೆ ಅಕ್ಕ ಒಂದೊಂದು ತುದಿಯನ್ನೂ ಹೇರ್‌ಪಿನ್ನಿನಿಂದ ಪಾಚಿಗೆ ಚುಚ್ಚಿ ನಿಲ್ಲಿಸಿದರು. ಸೋಣ ತಿಂಗಳು (ಆಗಸ್ಟ್-ಸೆಪ್ಟೆಂಬರ್) ಮುಗಿಯುವಾಗ ಐದು ಹದಿನಾಲ್ಕಾಗಿತ್ತು.

ಬೀಜಕದಿಂದ ಬೆಳೆಸುವ ಪ್ರಯತ್ನವನ್ನೂ ಮಾಡಿದೆವು. ಜರಿಗೆ ಹೂವಿಲ್ಲ, ಬೀಜವಿಲ್ಲ. ಎಲೆಯಡಿ, ಅಡಿಯಾಂಟಮ್‌ನಲ್ಲಾದರೆ ಮಡಚಿದ ಅಂಚಿನ ಕೆಳಗೆ, ಹುಡಿಯಂಥ ಬೀಜಕಗಳಿರುತ್ತವೆ. ಅವನ್ನು ಕಾಗದದ ಮೇಲೆ ಉದುರಿಸಿ, ಕುದಿನೀರಿನಲ್ಲಿ ನೆನೆಸಿ ಆರಿಸಿದ ಇಟ್ಟಿಗೆಯ ಮೇಲೆ ಚೆಲ್ಲಿ, ಇಟ್ಟಿಗೆಯನ್ನು ತಟ್ಟೆ ನೀರಿನಲ್ಲಿ ಇಟ್ಟೆವು, ಮೇಲೊಂದು ಗಾಜಿನ ಭರಣಿ ಬೋರಲು. ಕೆಲವು ವಾರದಲ್ಲಿ ಹಸುರು ಪೊರೆ ಬಂತು. ಹಾವಸೆ ಹಿಡಿಯಿತು ಅಂತ ಅಕ್ಕ ಅರ್ಧ ಇಟ್ಟಿಗೆ ತಿಕ್ಕಿ ತೊಳೆದೂ ಬಿಟ್ಟರು. ಉಳಿದರ್ಧವನ್ನು ಭೂತಕನ್ನಡಿಯಲ್ಲಿ ನೋಡಿದರೆ ಹೃದಯದ ಆಕಾರದ ಪುಟ್ಟ ಹಾಳೆಗಳು, ಎಳ್ಳಿನ ಕಾಳಿಗಿಂತ ತುಸು ದೊಡ್ಡವು. ಇದು ಜರಿಯ ಬಾಳಿನ ಇನ್ನೊಂದು ಘಟ್ಟ. ಇದಕ್ಕೆ ಬೇರಿಲ್ಲ, ನಾಳವಿಲ್ಲ, ಅಡಿಯಲ್ಲಿ ಕೂದಲಿನಂಥ ಎಳೆಗಳು ಮಾತ್ರ. ಇದರ ಅಡಿಯಲ್ಲೇ ಗಂಡು ಕಣ ನೀರಿನ ಪೊರೆಯಲ್ಲಿ ಈಜಿ ಹೋಗಿ ಹೆಣ್ಣು ಕಣವನ್ನು ಸೇರಬೇಕು. ಆ ಹೊತ್ತಿಗೆ ಒಂದು ಪೊರೆ ನೀರಿಲ್ಲದಿದ್ದರೆ ಸಾಮಾನ್ಯವಾಗಿ ಜರಿ ಹುಟ್ಟುವುದೇ ಇಲ್ಲ. ದೀಪಾವಳಿ ಹೊತ್ತಿಗೆ ಕೆಲವು ಹೃದಯಗಳ ಸೀಳಿನಿಂದ ಒಂದೊಂದು ಎಲೆ ಎದ್ದು ನಿಂತಿತು. ಆ ಭರಣಿಯನ್ನು ಅತ್ತೆ ದಿನಾ ಬೆಳಿಗ್ಗೆ ಎತ್ತಿ ನೋಡುತ್ತಿದ್ದರು.

ಈಗ

ಎಲ್ಲ ಸರಿಯಾಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಕಳೆದ ಏಪ್ರಿಲ್‌ನಲ್ಲಿ ಸುರಂಗದ ನೀರು ಬೆರಳಿನಷ್ಟು ದಪ್ಪದಿಂದ ದಾರದಷ್ಟಕ್ಕೆ ಇಳಿಯಿತು. ಟಾಂಕಿ ತುಂಬಿ ಹೊರಗೆ ಹೋಗುವ ನೀರೇ ಇರಲಿಲ್ಲ. ಅಡುಗೆ, ದನ, ಆಮೇಲೆ ಗೋಡೆ. ಅಕ್ಕ ಪಾತ್ರೆ ತೊಳೆಯುವ ಮೊದಲು ತರಕಾರಿ ತೊಳೆದ ನೀರನ್ನು ತೆಗೆದಿಟ್ಟು, ತಳಕ್ಕೆ ತೂತು ಮಾಡಿದ ಗೆರಟೆಗಳಲ್ಲಿ ಗೋಡೆಯ ಹಿಂದೆ ಹನಿಸಿದರು. ಆದರೂ ಒಂಬತ್ತರಲ್ಲಿ ಎರಡು ಹೋದವು. ಬರೆಯನ್ನು ಕಡಿದದ್ದರಿಂದ ಒಸರಿನ ದಾರಿಯೇ ಬದಲಾಗಿದೆಯೋ ಎಂಬ ಚಿಂತೆ ಅವರಿಗೆ ಇದೆ.

ಈ ಮಾರ್ಚಿನಲ್ಲಿ ಹೋದಾಗ ಬಾವಿಕಟ್ಟೆಯ ಮೇಲೆ ಮೂರು ಮಣ್ಣಿನ ಚಟ್ಟಿಗಳಿದ್ದವು. ಮಗಳ ಮನೆಗೆ ಕೊಡಲೆಂದು ಮಳೆಗಾಲದಲ್ಲಿ ನೆಟ್ಟ ಅರ್ಧಚಂದ್ರದ ಜರಿ. ಒಂದರಲ್ಲೂ ಎಲೆ ಇಲ್ಲ, ಒಣ ಕರಿ ತೊಟ್ಟುಗಳು ಮಾತ್ರ. ಮೂರರ ಮೇಲೂ ಬಿಳಿ ಪೈಂಟಿನಲ್ಲಿ ಬರೆದಿದ್ದರು: ‘ಮಲಗಿದೆ. ನೀರು ಹಾಕಬೇಡಿ.’ ಅಕ್ಕ ಒಂದು ಕಡ್ಡಿಯಿಂದ ಮೇಲಿನ ತರಗೆಲೆ ಸರಿಸಿ, ಕಾಂಡದ ಮೇಲೆ ನನ್ನ ಬೆರಳನ್ನು ಇಡಿಸಿದರು. ಶುಂಠಿಯ ಹಾಗೆ ಗಟ್ಟಿ ಇತ್ತು. ತರಗೆಲೆಯನ್ನು ಮತ್ತೆ ಮುಚ್ಚಿ, ಚಾ ಮಾಡಲು ಒಳಗೆ ಹೋದರು.